ಒಂದೇ ಸ್ಪೇಸ್‌ಕ್ರಾಫ್ಟಲ್ಲಿ ಐದು ರಾಕೆಟ್ ಕಸ ತೆಗೆಯೋ ಮಿಷನ್ ಪ್ಲಾನ್ – ಇಂಧನದ ಲೆಕ್ಕ ಯಾಕೆ ಕೂಡ್ತಿಲ್ಲ?

ಚಳ್ಳಕೆರೆ_ಚುಕ್ಕಿ

ಎಲ್ರಿಗೂ ನಮಸ್ಕಾರ. ನಾನು ಚಳ್ಳಕೆರೆ ತಾಲ್ಲೂಕಿನೋಳು, ದಾವಣಗೆರೇಲಿ ಮೆಕ್ಯಾನಿಕಲ್ ಫೈನಲ್ ಇಯರ್ ಓದ್ತಿದೀನಿ. 2023ರ ಏಪ್ರಿಲ್‌ನಲ್ಲಿ ನಮ್ಮೂರ ಕಡೆ ಡಿಆರ್‌ಡಿಒ ರನ್‌ವೇ ಮೇಲೆ ಇಸ್ರೋದವ್ರು ರೆಕ್ಕೆ ಇರೋ ಆರ್‌ಎಲ್‌ವಿನ (ಮತ್ತೆ ಮತ್ತೆ ಬಳಸೋ ಉಡಾವಣಾ ವಾಹನ) ಹೆಲಿಕಾಪ್ಟರಿಂದ ನಾಲ್ಕೂವರೆ ಕಿಮೀ ಎತ್ತರದಲ್ಲಿ ಬಿಟ್ಟು ಅದು ತಾನಾಗೇ ಬಂದು ಇಳೀತಲ್ಲ, ಅವತ್ತಿಂದ ನಂಗೆ ಸ್ಪೇಸ್ ಬಿಟ್ರೆ ಬೇರೆ ಏನೂ ತಲೆಗೆ ಹೋಗ್ತಿಲ್ಲ. ಈಗ ನಮ್ ಟೀಮ್ ಪ್ರಾಜೆಕ್ಟು ಭೂಮಿ ಸುತ್ತ ಸುತ್ತುತಿರೋ ಕಸ ತೆಗೆಯೋ ಮಿಷನ್ ಪ್ಲಾನ್ ಮಾಡೋದು.

ಗೈಡ್ ಮೇಡಂ ಹೇಳಿದ್ದು, ಒಂದೇ ಸ್ಪೇಸ್‌ಕ್ರಾಫ್ಟ್ ಕಳಿಸಿ ಐದು ದೊಡ್ಡ ಕಸ ತೆಗೆಯೋ ಹಾಗೆ ಪ್ಲಾನ್ ಮಾಡಿ ತೋರಿಸಿ ಅಂತ. ನಾವು ಪಬ್ಲಿಕ್ ಕ್ಯಾಟಲಾಗಿಂದ ಸೋವಿಯತ್, ಆಮೇಲೆ ರಷ್ಯಾ ಹಾರಿಸಿದ ಹಳೇ ಝೆನಿತ್ ರಾಕೆಟ್‌ಗಳ ಮೇಲಿನ ಸ್ಟೇಜ್‌ಗಳನ್ನ (ಕೊನೇ ಹಂತದ ಭಾಗಗಳು) ತಗೊಂಡ್ವಿ, ಯಾಕಂದ್ರೆ ಎಲ್ಲಾ ಹತ್ತತ್ರ 840 ಕಿಮೀ ಎತ್ತರದಲ್ಲೇ ಅವೆ, ವಾಲಿಕೆ (ಕಕ್ಷೆ ಸಮಭಾಜಕಕ್ಕೆ ಎಷ್ಟು ಓರೆ ಅನ್ನೋ ಕೋನ) ಕೂಡ ಎಲ್ಲದಕ್ಕೂ 71 ಡಿಗ್ರಿನೇ. ಎತ್ತರ ಒಂದೇ ವಾಲಿಕೆ ಒಂದೇ ಅಂದ್ಮೇಲೆ ಒಂದರಿಂದ ಇನ್ನೊಂದಕ್ಕೆ ಹೋಗೋದು ಸುಲಭ ಇರ್ಬೇಕಲ್ವಾ, ಆದ್ರೆ ಲೆಕ್ಕ ಹಾಕಿದ್ರೆ ಡೆಲ್ಟಾ ವಿ (ಇಂಜಿನ್ ಉರಿಸಿ ಮಾಡ್ಬೇಕಾದ ವೇಗದ ಬದಲಾವಣೆ) ಸೆಕೆಂಡಿಗೆ 3.5 ಕಿಮೀ ಮೇಲೇನೇ ಬರ್ತಿದೆ, ಅದೂ ಬರೀ ಒಂದು ಜಿಗಿತಕ್ಕೆ. ನಾಲ್ಕು ಜಿಗಿತಕ್ಕೆ ಆಗೋಷ್ಟು ಇಂಧನ ಹೊರೋ ಗಾಡಿ ಯಾರ ಹತ್ರಾನೂ ಇಲ್ಲ. ಇದನ್ನ ನಿಜವಾಗ್ಲೂ ಹೇಗೆ ಪ್ಲಾನ್ ಮಾಡ್ತಾರೆ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಕಕ್ಷೆ_ಲೆಕ್ಕ

ತಂಗಿ, ನಿನ್ ಲೆಕ್ಕ ಸರಿಯಾಗೇ ಐತೆ. ಎತ್ತರ ಮತ್ತೆ ವಾಲಿಕೆ ಒಂದೇ ಇದ್ರೂ ಕಕ್ಷೆಗಳು ಬೇರೆ ಬೇರೆ ದಿಕ್ಕಿಗೆ ತಿರುಗಿ ಕೂತಿರ್ತವೆ. ಪ್ರತಿ ಕಕ್ಷೆನೂ ಸಮಭಾಜಕನ ದಕ್ಷಿಣದಿಂದ ಉತ್ತರಕ್ಕೆ ದಾಟೋ ಒಂದು ಜಾಗ ಇರುತ್ತಲ್ಲ, ಅದನ್ನ ನೋಡ್ ಅಂತಾರೆ, ಆ ನೋಡ್ ಒಂದೊಂದು ಸ್ಟೇಜಿಗೆ ಒಂದೊಂದು ಕಡೆ. 71 ಡಿಗ್ರಿ ವಾಲಿಕೇಲಿ ಎರಡು ಕಕ್ಷೆಗಳ ನೋಡ್ ಮಧ್ಯೆ 30 ಡಿಗ್ರಿ ವ್ಯತ್ಯಾಸ ಇದ್ರೆ ಎರಡು ಪ್ಲೇನ್ (ಕಕ್ಷೆ ಇರೋ ಸಮತಲ) ನಡುವಿನ ಕೋನ ಹತ್ತತ್ರ 28 ಡಿಗ್ರಿ, ಅಲ್ಲಿ ವೇಗ ಸೆಕೆಂಡಿಗೆ 7.4 ಕಿಮೀ, ಆ ವೇಗದ ದಿಕ್ಕನ್ನ ನೇರವಾಗಿ ಅಷ್ಟು ತಿರುಗಿಸಬೇಕು ಅಂದ್ರೆ ಸೆಕೆಂಡಿಗೆ 3.6 ಕಿಮೀ ಡೆಲ್ಟಾ ವಿ ಬೇಕೇ ಬೇಕು. ನಿಂಗೆ ಬಂದಿರೋದು ಅದೇ ಉತ್ತರ.

ಈಗ ವಿಷಯಕ್ಕೆ ಬರ್ತೀನಿ. ಈ ತಿರುಗಿಸೋ ಕೆಲಸನ ಯಾರೂ ಇಂಜಿನ್ ಉರಿಸಿ ಮಾಡಲ್ಲ, ಭೂಮಿ ಕೈಲೇ ಮಾಡಿಸ್ತಾರೆ. ಭೂಮಿ ಪೂರ್ತಿ ಗುಂಡಗಿಲ್ಲ, ನಡುವಲ್ಲಿ ಸ್ವಲ್ಪ ಉಬ್ಬೈತೆ, ಆ ಉಬ್ಬಿನ ಸೆಳೆತದಿಂದ ಎಲ್ಲಾ ಕಕ್ಷೆಗಳ ನೋಡ್ ದಿನಾ ಸ್ವಲ್ಪ ಸ್ವಲ್ಪ ಸರೀತಾ ಇರುತ್ತೆ. ನಿನ್ ಝೆನಿತ್ ಸ್ಟೇಜ್‌ಗಳ ನೋಡ್ ದಿನಕ್ಕೆ ಹತ್ತತ್ರ 2.1 ಡಿಗ್ರಿ ಪಶ್ಚಿಮಕ್ಕೆ ಸರಿಯುತ್ತೆ. ಆದ್ರೆ ಈ ಸರಿಯೋ ವೇಗ ಎತ್ತರದ ಮೇಲೆ ನಿಂತಿದೆ, ಕೆಳಗೆ ಬಂದಷ್ಟೂ ಜಾಸ್ತಿ. ನೀನು ಮೊದಲನೇ ಕಸದ ಕೆಲಸ ಮುಗಿಸಿ 100 ಕಿಮೀ ಕೆಳಗಿಳಿದು 740 ಕಿಮೀನಲ್ಲಿ ಸುಮ್ನೆ ಸುತ್ತುತಾ ಇದ್ದರೆ ನಿನ್ ನೋಡ್ ಅವುಕ್ಕಿಂತ 5 ಪರ್ಸೆಂಟ್ ಜೋರಾಗಿ ಸರಿಯುತ್ತೆ, ಅಂದ್ರೆ ದಿನಕ್ಕೆ 0.1 ಡಿಗ್ರಿ ಲಾಭ. ಗಡಿಯಾರದಲ್ಲಿ ದೊಡ್ಡ ಮುಳ್ಳು ಹೋಗಿ ಚಿಕ್ಕ ಮುಳ್ಳಿನ ಮೇಲೆ ಕೂರೋ ಹಾಗೆ ಒಂದಿನ ನಿನ್ ಪ್ಲೇನ್ ಹೋಗಿ ಮುಂದಿನ ಕಸದ ಪ್ಲೇನ್ ಮೇಲೆ ಕೂರುತ್ತೆ, ಆಗ ಮೇಲೆ ಹತ್ತಿದ್ರಾಯ್ತು.

ಖರ್ಚು ನೋಡು. 100 ಕಿಮೀ ಇಳಿಯೋಕೆ ಸೆಕೆಂಡಿಗೆ 52 ಮೀಟರ್, ಹತ್ತೋಕೆ ಇನ್ನೊಂದು 52, ಒಟ್ಟು ನೂರು ಚಿಲ್ಲರೆ ಮೀಟರ್. 3600 ಎಲ್ಲಿ, 100 ಎಲ್ಲಿ! ಬದಲಿಗೆ ನೀನು ಕೊಡೋದು ಸಮಯ, 30 ಡಿಗ್ರಿಗೆ ಹೆಚ್ಚುಕಮ್ಮಿ ಒಂಬತ್ತೂವರೆ ತಿಂಗಳು ಕಾಯಬೇಕು. 200 ಕಿಮೀ ಇಳಿದ್ರೆ ಖರ್ಚು ಡಬಲ್, ಕಾಯೋದು ಅರ್ಧದ ಆಸುಪಾಸು. ಹಾಗಾಗಿ ಕಸ ತೆಗೆಯೋ ಮಿಷನ್ ಪ್ಲಾನ್ ಅಂದ್ರೆ ಮುಖ್ಯವಾಗಿ ಕಾಯೋದನ್ನ ಪ್ಲಾನ್ ಮಾಡೋದು, ಎಷ್ಟು ಇಂಧನ ಕೊಟ್ಟು ಎಷ್ಟು ದಿನ ಉಳಿಸ್ಕೋತೀಯ ಅನ್ನೋ ಲೆಕ್ಕ. ಇದು ಕೂತ್ಕೊಂಡು ನೋಡಿದಷ್ಟೂ ಚೆಂದ ಕಾಣೋ ಲೆಕ್ಕ, ನಂಗಂತೂ ಇದರಷ್ಟು ಇಷ್ಟವಾದ ಸಮಸ್ಯೆ ಇನ್ನೊಂದಿಲ್ಲ.

ಇನ್ನು ಯಾವ್ದು ಮೊದಲು ಯಾವ್ದು ಆಮೇಲೆ ಅನ್ನೋದು. ಆ ಎತ್ತರದಲ್ಲಿ ಅಂಥ ಸ್ಟೇಜ್ ಹದಿನೆಂಟು ಇವೆ. ಅದ್ರಲ್ಲಿ ಐದನ್ನ ಕ್ರಮವಾಗಿ ಆರಿಸೋ ದಾರಿಗಳು 10 ಲಕ್ಷದ 28 ಸಾವಿರ ಚಿಲ್ಲರೆ, ಅಷ್ಟನ್ನ ನಿನ್ ಲ್ಯಾಪ್‌ಟಾಪೇ ಮಾಡಿ ಹಾಕುತ್ತೆ, ಹೆದರ್ಬೇಡ. ಇದು ಹಲವು ಊರು ಸುತ್ತೋಕೆ ಕಡಿಮೆ ಖರ್ಚಿನ ದಾರಿ ಹುಡುಕೋ ಥರ, ಆದ್ರೆ ಕಷ್ಟ ಇರೋದು ಇಲ್ಲಿ ಊರುಗಳು ನಿಂತ ಜಾಗದಲ್ಲಿ ನಿಂತಿಲ್ಲ ಅನ್ನೋದು, ಇವತ್ತು ಹತ್ರ ಇರೋ ಎರಡು ಕಸ ಇನ್ನೆರಡು ವರ್ಷಕ್ಕೆ ದೂರ ಹೋಗಿರ್ಬೋದು, ಯಾಕಂದ್ರೆ ಎತ್ತರದಲ್ಲಿ ಹತ್ತಿಪ್ಪತ್ತು ಕಿಮೀ ವ್ಯತ್ಯಾಸ ಇದ್ರೂ ಅವುಗಳ ನೋಡ್ ಬೇರೆ ಬೇರೆ ವೇಗದಲ್ಲಿ ಸರೀತವೆ. 2017ರಲ್ಲಿ ಕಕ್ಷೆ ಲೆಕ್ಕದ ಅಂತಾರಾಷ್ಟ್ರೀಯ ಸ್ಪರ್ಧೆಗೆ ಕೊಟ್ಟಿದ್ದು ಇದೇ ಪ್ರಶ್ನೆ, 123 ಕಸ, ಎಲ್ಲಾ ತೆಗೀಬೇಕು, ಎಷ್ಟು ಕಡಿಮೆ ಖರ್ಚಲ್ಲಿ ಆಗುತ್ತೆ ಅಂತ. ಗೆದ್ದ ಅಮೆರಿಕದ ಜೆಪಿಎಲ್ (ನಾಸಾದ ಒಂದು ಪ್ರಯೋಗಾಲಯ) ತಂಡ 10 ಮಿಷನ್‌ನಲ್ಲಿ ಮುಗಿಸಿ ತೋರಿಸ್ತು. ಅದರ ಹೆಸರು ಜಿಟಿಒಸಿ 9, ಡೇಟಾ ಮತ್ತೆ ವಿಧಾನಗಳು ಓಪನ್ ಆಗೇ ಸಿಕ್ತವೆ, ನೀನು ಓದ್ಲೇಬೇಕು.

ಚಳ್ಳಕೆರೆ_ಚುಕ್ಕಿ

ಅಣ್ಣ ತುಂಬಾ ಥ್ಯಾಂಕ್ಸ್, ನೋಡ್ ಸರಿಯೋದನ್ನ ನಾವು ತಗೊಂಡೇ ಇರ್ಲಿಲ್ಲ. ಈಗ ಇನ್ನೊಂದು ಪ್ರಶ್ನೆ, ಆ ಸ್ಟೇಜ್ ಹತ್ರ ಹೋದ್ಮೇಲೆ ಹಿಡಿಯೋದು ಒಂದೆರಡು ದಿನದ ಕೆಲಸ ಅಂತ ಇಟ್ಕೋಬೋದಾ? ಇಸ್ರೋದ ಸ್ಪೇಡೆಕ್ಸ್ ಡಾಕಿಂಗ್ ಥರ ಮಾಡಿದ್ರೆ ಸಾಕಾ?

ಬೆಣ್ಣೆನಗರಿ_ಕಂಟ್ರೋಲ್ಸ್

ನಮ್ ದಾವಣಗೆರೇಲಿ ಕೂತು ಯಾರೋ ಇದನ್ನ ಕೇಳ್ತಾರೆ ಅಂದ್ರೆ ಭಾಳ ಖುಷಿ ಆತು ನೋಡವಾ. ನಾನು ಕಂಟ್ರೋಲ್ ಸಿಸ್ಟಮ್ ಕೆಲಸ ಮಾಡೋನು, ಈ ಭಾಗ ನಾ ಹೇಳ್ತೀನಿ.

ಒಂದೆರಡು ದಿನ ಅಂತ ಇಟ್ಕೋಬ್ಯಾಡ, ತಿಂಗಳುಗಟ್ಲೆ ಇಟ್ಕೋ. ಸ್ಪೇಡೆಕ್ಸ್ ದೊಡ್ಡ ಸಾಧನೆನ, ಅದ್ರಾಗ ಎರಡು ಮಾತಿಲ್ಲ, 2025ರ ಜನವರಿ 16ಕ್ಕ 220 ಕೆಜಿ ತೂಕದ ಎರಡು ಉಪಗ್ರಹ ಒಂದಕ್ಕೊಂದು ಸೇರಿದ್ವು. ಆದ್ರ ಅಲ್ಲಿ ಎರಡೂ ನಮ್ಮವ, ಎರಡೂ ಅಲ್ಲಾಡದಂಗ ನಿಂತಿದ್ವು, ಒಂದಕ್ಕೊಂದು ರೇಡಿಯೋದಾಗ ಮಾತಾಡ್ತಿದ್ವು, ಹಿಡ್ಕೊಳ್ಳಾಕ ಅಂತನ ಡಾಕಿಂಗ್ ರಿಂಗ್ ಇಟ್ಟಿದ್ರು. ಸತ್ತ ರಾಕೆಟ್ ಸ್ಟೇಜಿಗೆ ಇದ್ಯಾವುದೂ ಇಲ್ಲ. ಅದು ಎಲ್ಲೈತಿ ಅಂತ ಅದು ಹೇಳಂಗಿಲ್ಲ, ಎಂಗೆ ಉರುಳ್ತೈತಿ ಅಂತ ಹೋಗಿ ನೋಡೋತನಕ ಪೂರ್ತಿ ಗೊತ್ತಾಗಂಗಿಲ್ಲ.

ನೀವು ತಗೊಂಡಿರೋ ಕ್ಯಾಟಲಾಗ್ ಡೇಟಾದಾಗ ಜಾಗದ ತಪ್ಪು ಕಿಲೋಮೀಟರ್ ಲೆಕ್ಕದಾಗ ಇರತೈತಿ. ಅದನ್ನ ನಂಬ್ಕೊಂಡು ಒಂದು ಹಂತದ ತನಕ ಹೋಗಬೇಕು, ಅಲ್ಲಿಂದ ನಮ್ ಕ್ಯಾಮೆರಾದಾಗ ಅದು ಬರೀ ಒಂದು ಚುಕ್ಕಿಯಾಗಿ ಕಾಣ್ತೈತಿ, ಆ ಚುಕ್ಕಿಯ ದಿಕ್ಕು ಅಷ್ಟ ಗೊತ್ತು, ದೂರ ಗೊತ್ತಿಲ್ಲ. ಇನ್ನೂ ಹತ್ರ ಹೋದಂಗ ಇನ್‌ಫ್ರಾರೆಡ್ ಕ್ಯಾಮೆರಾ, ಆಮೇಲೆ ಲೇಸರ್‌ನಿಂದ ದೂರ ಅಳಿಯೋ ಲಿಡಾರ್. ಈ ಪೂರಾ ದಾರಿ ನಿಜವಾಗ್ಲೂ ಮಾಡಿ ತೋರಿಸಿದ್ದು ಜಪಾನಿನ ಆಸ್ಟ್ರೋಸ್ಕೇಲ್ ಕಂಪನಿಯ ಅಡ್ರಾಸ್-ಜೆ. 2024ರ ಫೆಬ್ರವರಿಯಾಗ ಹಾರಿತು, ಟಾರ್ಗೆಟ್ ಯಾವ್ದಪ್ಪಾ ಅಂದ್ರ 2009ರಾಗ ಬಿಟ್ಟಿದ್ದ ಎಚ್-2ಎ ರಾಕೆಟಿನ ಮೇಲಿನ ಸ್ಟೇಜ್, 11 ಮೀಟರ್ ಉದ್ದ, 3 ಟನ್ ತೂಕ. ಸುತ್ತ ತಿರುಗಿ ಫೋಟೋ ತೆಗೀತು, ವರ್ಷದ ಕೊನೀಗೆ 15 ಮೀಟರ್ ಹತ್ರ ಹೋತು. ಹಿಡೀಲಿಲ್ಲ ನೋಡು, ಬರೀ ಹತ್ರ ಹೋಗಿ ನೋಡೋದನ್ನ ಅಷ್ಟು ತಿಂಗಳು ಜೋಪಾನವಾಗಿ ಮಾಡಿದ್ರು. ಯಾಕಂದ್ರ ಅಲ್ಲಿ ಒಂದು ಸಲ ಗುದ್ದಿದ್ರ ಕಸ ತೆಗಿಯಾಕ ಹೋದವ್ರ ನೂರಾರು ಹೊಸ ಚೂರು ಮಾಡಿ ಬಂದಂಗ.

ಅದಕ್ಕ ನಿಮ್ ಪ್ಲಾನ್‌ದಾಗ ಒಂದು ಮಾತು ಬರೀರಿ: ಹತ್ರ ಹೋಗೋ ಪ್ರತಿ ಹಂತದಾಗೂ ಇಂಜಿನ್ ಆ ಕ್ಷಣಕ್ಕ ಸತ್ತು ಹೋದ್ರೂ ತಾನಾಗೇ ಟಾರ್ಗೆಟ್‌ಗೆ ಬಡಿಯದಂಥ ದಾರಿ ಆರಿಸಬೇಕು. ನೇರ ಹಿಂದಿನಿಂದ ಹೋಗೋ ಬದಲು ಟಾರ್ಗೆಟ್ ಸುತ್ತ ಸುರುಳಿ ಸುರುಳಿಯಾಗಿ ಮುಂದಕ್ಕ ಹೋಗೋ ದಾರಿ ಇರತೈತಿ, ಅದ್ರಾಗ ಹಿಂದ ಮುಂದ ಎಷ್ಟೈತಿ ಅಂತ ಅಂದಾಜು ತಪ್ಪಿದ್ರೂ ಪಕ್ಕದಾಗ ಮೇಲೆ ಕೆಳಗ ಅಂತರ ಉಳೀತೈತಿ. ಬಂದು ಹೋಗೋ ದಾರಿಯಾಗ ನಿಂತು ನೆಲದಿಂದ ಒಪ್ಪಿಗಿ ತಗೊಂಡು ಮುಂದ ಹೋಗೋ ಪಾಯಿಂಟ್‌ಗಳನ್ನೂ ಇಡ್ರಿ.

ಹಿಡಿಯೋದು ಹೆಂಗ ಅನ್ನೋದಕ್ಕ ಎಲ್ರೂ ಒಪ್ಪಿದ ಒಂದೇ ಉತ್ತರ ಇನ್ನೂ ಇಲ್ಲ. ರಿಮೂವ್‌ಡೆಬ್ರಿ ಅಂತ ಬ್ರಿಟನ್ ಕಡೆ ಮಿಷನ್ 2018ರಾಗ ಬಲೆ ಎಸೆದು, 2019ರಾಗ ಈಟಿ ಹೊಡೆದು ತೋರಿಸ್ತು, ಆದ್ರ ಎರಡೂ ತಾವೇ ಒಯ್ದಿದ್ದ ಗುರಿಗೆ. ಮ್ಯಾಗ್ನೆಟ್ಟಿನಿಂದ ಹಿಡಿಯೋದನ್ನ ಎಲ್ಸಾ-ಡಿ ಅನ್ನೋ ಮಿಷನ್ 2021ರಾಗ ಮಾಡ್ತು, ಅದಕ್ಕ ಟಾರ್ಗೆಟ್ ಮ್ಯಾಲ ಮೊದಲೇ ಪ್ಲೇಟ್ ಇರಬೇಕು. ನಮ್ಮವ್ರೂ ಪಿಎಸ್‌ಎಲ್‌ವಿ ಸಿ60ರ ಪೋಯಂ-4 (ಪ್ರಯೋಗಕ್ಕ ಅಂತ ಬಳಸೋ ರಾಕೆಟಿನ ಕೊನೇ ಸ್ಟೇಜ್) ಮ್ಯಾಲ ಕಸ ಹಿಡಿಯೋ ರೋಬೋಟ್ ಕೈ ಕಳಿಸಿದ್ರು. ನಿಮ್ ಝೆನಿತ್ ಸ್ಟೇಜಿಗೆ ನಾನಾದ್ರ ರೋಬೋಟ್ ಕೈ ಆರಿಸಿ, ಇಂಜಿನ್ ನಾಝಲ್ ಅಥವಾ ಮೇಲಿನ ಉಂಗುರ ಹಿಡಿಯೋ ಹಂಗ ಬರೀತೀನಿ, ರಾಕೆಟಿನ ಗಟ್ಟಿ ಭಾಗ ಅವ ಎರಡ. ಎಷ್ಟು ಜೋರಾಗಿ ಉರುಳ್ತಿದ್ರ ಹಿಡಿಯಂಗಿಲ್ಲ ಅಂತ ಒಂದು ಮಿತಿನೂ ಬರೀರಿ, ಮಿತಿ ದಾಟಿದ್ರ ಅದನ್ನ ಬಿಟ್ಟು ಲಿಸ್ಟಿನ ಮುಂದಿನ ಕಸಕ್ಕ ಹೋಗೋ ಹಂಗ ಇರಲಿ.

ಹೊಳಲ್ಕೆರೆ_ಮೇಷ್ಟ್ರು

ಮಗಳೇ, ನಿಮ್ಮ ಪ್ರಯತ್ನ ನೋಡಿ ಸಂತೋಷವಾಯ್ತು. ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವನು, ಈ ವಿಷಯ ಬಹಳ ವರ್ಷದಿಂದ ಓದ್ತಾ ಬಂದಿದ್ದೀನಿ. ನನ್ನ ಆಸೆ ಏನಂದ್ರೆ ನೀವು ರಷ್ಯಾದ ಸ್ಟೇಜ್ ಬಿಟ್ಟು ನಮ್ಮದೇ ಕಸ ಆರಿಸಿಕೊಳ್ಳಿ. 2001ರ ಅಕ್ಟೋಬರ್‌ನಲ್ಲಿ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಸಿ3 ಹೋಯ್ತು, ನಮ್ಮ ಟಿಇಎಸ್ ಉಪಗ್ರಹದ ಜೊತೆ ಯುರೋಪಿನ ಪ್ರೋಬಾ-1 ಉಪಗ್ರಹವೂ ಅದರಲ್ಲೇ ಹೋಗಿದ್ದು. ಕೆಲಸ ಮುಗಿಸಿದ ಮೇಲಿನ ಸ್ಟೇಜು ಅದೇ ಡಿಸೆಂಬರ್‌ನಲ್ಲಿ ಮೇಲೇ ಸಿಡಿದು 300ಕ್ಕೂ ಹೆಚ್ಚು ಚೂರಾಯ್ತು. ಉಳಿದಿದ್ದ ಇಂಧನವನ್ನ ಖಾಲಿ ಮಾಡದೆ ಬಿಟ್ಟರೆ ಹೀಗೆ ಆಗೋ ಅಪಾಯ ಇರುತ್ತೆ, ಅದಕ್ಕೇ ಈಗ ಕೆಲಸ ಮುಗಿದ ಕೂಡಲೇ ಟ್ಯಾಂಕ್ ಖಾಲಿ ಮಾಡ್ತಾರೆ. ಈಗ ನೋಡಿ, ಯುರೋಪಿನವರು ಕ್ಲಿಯರ್‌ಸ್ಪೇಸ್-1 ಅಂತ ಕಸ ತೆಗೆಯೋ ಮಿಷನ್ ಮಾಡ್ತಿದ್ದಾರಲ್ಲ, ಅದಕ್ಕೆ ಮೊದಲು ಇಟ್ಟುಕೊಂಡಿದ್ದ ವೆಸ್ಪಾ ಅನ್ನೋ 112 ಕೆಜಿ ರಾಕೆಟ್ ಭಾಗಕ್ಕೆ 2023ರಲ್ಲಿ ಬೇರೆ ಕಸವೇ ಬಂದು ಬಡಿಯಿತು. 2024ರಲ್ಲಿ ಟಾರ್ಗೆಟ್ ಬದಲಾಯಿಸಿ ಪ್ರೋಬಾ-1 ಅಂತ ಮಾಡಿದರು. ಅಂದರೆ ನಮ್ಮ ರಾಕೆಟ್ ಮೇಲೆ ಬಿಟ್ಟು ಬಂದ ಉಪಗ್ರಹವನ್ನ ಕೆಳಗೆ ತರೋ ಯೋಜನೆ! ಇದನ್ನ ನಮ್ಮ ಮಕ್ಕಳಿಗೆ ಹೇಳಬೇಕು.

ಇನ್ನೊಂದು ಮಾತು. ಹೊಸ ಕಸ ಹಾಕೋದು ನಿಲ್ಲದೆ ಹಳೇದು ತೆಗೆದು ಪ್ರಯೋಜನ ಕಡಿಮೆ. 2024ರ ಮಾರ್ಚ್‌ನಲ್ಲಿ ಪೋಯಂ-3 ಸುಟ್ಟು ಹೋಯ್ತಲ್ಲ, ಅದನ್ನ 650 ಕಿಮೀಯಿಂದ 350ಕ್ಕೆ ಇಳಿಸಿ ಇಂಧನ ಖಾಲಿ ಮಾಡಿ ಬಿಟ್ಟಿದ್ದರಿಂದ ಮೂರು ತಿಂಗಳೊಳಗೆ ತಾನೇ ಬಿತ್ತು. 2023ರ ಮಾರ್ಚ್ 7ಕ್ಕೆ ಮೇಘಾ-ಟ್ರಾಪಿಕ್ಸ್ ಉಪಗ್ರಹವನ್ನ ಪೆಸಿಫಿಕ್ ಸಾಗರಕ್ಕೆ ಲೆಕ್ಕ ಹಾಕಿ ಇಳಿಸಿದರು. 2030ರೊಳಗೆ ಭಾರತದ ಎಲ್ಲ ಮಿಷನ್ನೂ ಕಸ ಬಿಡದ ಹಾಗೆ ಮಾಡ್ತೀವಿ ಅಂತ ಇಸ್ರೋ ಹೇಳಿದೆ. ನಿಮ್ಮ ರಿಪೋರ್ಟಲ್ಲಿ ಇದಕ್ಕೂ ಒಂದು ಅಧ್ಯಾಯ ಇರಲಿ.

ಕಕ್ಷೆ_ಲೆಕ್ಕ

ಮೇಷ್ಟ್ರೇ, ಹೊಸ ಕಸ ನಿಲ್ಲಬೇಕು ಅನ್ನೋದು ನೂರಕ್ಕೆ ನೂರು ಒಪ್ತೀನಿ. ಆದ್ರೆ ಟಾರ್ಗೆಟ್ ವಿಷಯದಲ್ಲಿ ನಾನು ಝೆನಿತ್ ಕಡೆನೇ. ಸಿಡಿದ ಚೂರುಗಳನ್ನ ಒಂದೊಂದಾಗಿ ಹಿಡಿಯೋ ದಾರಿ ಇವತ್ತಿಗೆ ಯಾರ ಹತ್ರಾನೂ ಇಲ್ಲ, ಹಿಡಿಯೋಕಾಗೋದು ಇನ್ನೂ ಇಡಿಯಾಗಿರೋ ದೊಡ್ಡವನ್ನ, ಅವು ಚೂರಾಗೋಕೆ ಮುಂಚೆ. 2009ರ ಫೆಬ್ರವರಿ 10ಕ್ಕೆ ಸತ್ತ ಕಾಸ್ಮೋಸ್ 2251 ಹೋಗಿ ಇರಿಡಿಯಂ 33ಕ್ಕೆ ಸೆಕೆಂಡಿಗೆ ಹತ್ತು ಕಿಮೀಗೂ ಮೀರಿದ ವೇಗದಲ್ಲಿ ಬಡಿದು ಎರಡು ಸಾವಿರ ಚಿಲ್ಲರೆ ಚೂರಾಯ್ತಲ್ಲ, ಆ ಎರಡೂ ಸೇರಿ ಒಂದೂವರೆ ಟನ್ ಆಸುಪಾಸು. ಝೆನಿತ್ ಸ್ಟೇಜ್ ಒಂದೊಂದೇ ಹತ್ತತ್ರ 9 ಟನ್, ಹದಿನೆಂಟೂ ಒಂದೇ ಎತ್ತರದ ಪಟ್ಟೀಲಿ ಅಡ್ಡಾದಿಡ್ಡಿ ದಾಟ್ಕೊಂಡು ಓಡಾಡ್ತಿವೆ, ಅಂಥ ಎರಡು ಬಡಿದ್ರೆ ಏನಾಗುತ್ತೆ ಯೋಚನೆ ಮಾಡಿ. ಆ ಎತ್ತರದಲ್ಲಿ ಗಾಳಿ ಎಷ್ಟು ಕಮ್ಮಿ ಅಂದ್ರೆ ಅವು ತಾವಾಗೇ ಬೀಳೋಕೆ ನೂರಾರು ವರ್ಷ. ಬೇರೆ ಬೇರೆ ದೇಶದ ತಜ್ಞರು ಸೇರಿ ಅತಿ ಅಪಾಯದ 50 ವಸ್ತುಗಳ ಪಟ್ಟಿ ಮಾಡಿದಾಗ ಮೇಲಿನ ಸಾಲು ತುಂಬಾ ಇವೇ ಬಂದ್ವು. ವರ್ಷಕ್ಕೆ ಇಂಥ ಐದು ದೊಡ್ಡ ಕಸ ತೆಗೆದು, ಹೊಸ ಉಪಗ್ರಹದೋರು ನಿಯಮ ಪಾಲಿಸಿದ್ರೆ ಭೂಮಿಗೆ ಹತ್ರದ ಕಕ್ಷೆಗಳಲ್ಲಿ ಕಸ ಹೆಚ್ಚೋದು ನಿಲ್ಲುತ್ತೆ ಅಂತ ನಾಸಾದ ಜೆ.ಸಿ. ಲಿಯೂ ಅವರ ಲೆಕ್ಕ, ಐದು ಅನ್ನೋ ಸಂಖ್ಯೆ ಎಷ್ಟೋ ಕಡೆ ಬರೋದು ಅಲ್ಲಿಂದಲೇ.

ತಂಗಿ, ಇದರ ಜೊತೆ ಇಳಿಸೋ ಲೆಕ್ಕನೂ ನೋಡ್ಕೋ. 9 ಟನ್ ಸ್ಟೇಜು ಪೂರ್ತಿ ಸುಟ್ಟು ಹೋಗಲ್ಲ, ಟ್ಯಾಂಕು ಇಂಜಿನ್ನಿನ ಭಾಗ ನೆಲಕ್ಕೆ ಬರ್ತವೆ. 2022ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೇಲಿ ಬಿದ್ದ ದೊಡ್ಡ ಲೋಹದ ಉಂಗುರ ಎಲ್ರೂ ನೋಡಿದೀವಲ್ಲ. ಹಾಗಾಗಿ ಸುಮ್ನೆ ಕೆಳಗೆ ತಳ್ಳಿ ಬಿಡೋ ಹಾಗಿಲ್ಲ, ಜನ ಇಲ್ದಿರೋ ದಕ್ಷಿಣ ಪೆಸಿಫಿಕ್‌ಗೆ ಗುರಿ ಇಟ್ಟು ಕೊನೇ ಉರಿ ಜೋರಾಗೇ ಕೊಡ್ಬೇಕು. 840 ಕಿಮೀಯಿಂದ ಕಕ್ಷೆಯ ಒಂದು ತುದೀನ 50 ಕಿಮೀಗೆ ಇಳಿಸೋಕೆ ಸೆಕೆಂಡಿಗೆ 220 ಮೀಟರ್ ಅಂತ ಹಿಡಿ, ನಿನ್ ಗಾಡಿ ಒಂದೂವರೆ ಟನ್ ಅಂದ್ಕೊಂಡ್ರೆ ಎರಡೂ ಸೇರಿ ತಳ್ಳೋಕೆ ಮಾಮೂಲಿ ಕೆಮಿಕಲ್ ಇಂಜಿನ್‌ನಲ್ಲಿ 750 ಕೆಜಿ ಇಂಧನ. ಐದಕ್ಕೆ ನಾಲ್ಕು ಟನ್ ಹತ್ರ! ಮೇಲಾಗಿ ಕಸದ ಜೊತೆ ತಾನೂ ಕೆಳಗೆ ಹೋದ ಗಾಡಿ ಮುಂದಿನ ಕಸಕ್ಕೆ ವಾಪಸ್ ಬರೋ ಹಾಗಿಲ್ಲ. ಅದಕ್ಕೆ ನಂಗೆ ಸರಿ ಅನ್ಸೋದು ಒಂದು ತಾಯಿ ಗಾಡಿ, ಅದರ ಬೆನ್ನ ಮೇಲೆ ಐದು ಚಿಕ್ಕ ಇಂಜಿನ್ ಕಿಟ್. ಒಂದೊಂದು ಕಸಕ್ಕೆ ಒಂದೊಂದು ಕಿಟ್ ಅಂಟಿಸಿ ಬಿಟ್ಟು ತಾಯಿ ಗಾಡಿ ಕಾಯೋ ಕಕ್ಷೆಗೆ ಇಳೀಬೇಕು.

ದುರ್ಗದ_ವಕೀಲೆ

ಇಷ್ಟೆಲ್ಲಾ ಆದ್ಮೇಲೂ ಒಂದು ಕೇಳ್ಬೇಕು, ಆ ಸ್ಟೇಜ್ ಯಾರದು? 1967ರ ಬಾಹ್ಯಾಕಾಶ ಒಪ್ಪಂದದ 8ನೇ ವಿಧಿ ಪ್ರಕಾರ ಮೇಲೆ ಕಳಿಸಿದ ವಸ್ತು ಸತ್ತು ಎಷ್ಟು ವರ್ಷ ಆದ್ರೂ ನೋಂದಾಯಿಸಿದ ದೇಶದ ಅಧಿಕಾರದಲ್ಲೇ ಇರುತ್ತೆ. ಸಮುದ್ರದಲ್ಲಿ ಮುಳುಗಿದ ಹಡಗು ಎತ್ತೋರಿಗೆ ಇರೋ ಥರದ ಹಕ್ಕು ಇಲ್ಲಿ ಇಲ್ಲ. ಝೆನಿತ್ ತಯಾರಾಗಿದ್ದು ಈಗಿನ ಉಕ್ರೇನ್‌ನಲ್ಲಿ, ಹಾರಿದ್ದು ಬೈಕನೂರಿಂದ, ಅದು ಈಗಿನ ಕಝಾಕ್‌ಸ್ತಾನ್‌ನಲ್ಲಿದೆ, ಬಿಟ್ಟಿದ್ದು ಸೋವಿಯತ್, ಆಮೇಲೆ ರಷ್ಯಾ. ರಷ್ಯಾದ ಬರಹದ ಒಪ್ಪಿಗೆ ಇಲ್ದೆ ಮುಟ್ಟೋ ಹಾಗಿಲ್ಲ. 1972ರ ಹೊಣೆಗಾರಿಕೆ ಒಪ್ಪಂದದಲ್ಲಿ ನೆಲದ ಮೇಲೆ ಹಾನಿಯಾದ್ರೆ ತಪ್ಪು ಯಾರದು ಅಂತ ಕೇಳದೆ ಉಡಾವಣೆ ಮಾಡಿದ ದೇಶ ಪರಿಹಾರ ಕೊಡ್ಬೇಕು. 1978ರಲ್ಲಿ ಕಾಸ್ಮೋಸ್ 954 ಕೆನಡಾದಲ್ಲಿ ಬಿದ್ದು ವಿಕಿರಣ ಹರಡಿದ್ದಕ್ಕೆ ಸೋವಿಯತ್ 30 ಲಕ್ಷ ಕೆನಡಿಯನ್ ಡಾಲರ್ ಕೊಟ್ಟಿತ್ತು. ನೀವು ಕಿಟ್ ಅಂಟಿಸಿದ ಮೇಲೆ ಬಿದ್ರೆ ಭಾರತವೂ ಆ ಹೊಣೆ ಒಳಗೆ ಬರುತ್ತೆ.

ಇಲ್ಲಿಯವರೆಗೂ ಯಾರ್ಯಾರು ಏನೇನು ಆರಿಸಿದ್ದಾರೆ ನೋಡಿ, ಜಪಾನ್ ಜಪಾನಿನ ಸ್ಟೇಜ್ ಹತ್ರ ಹೋಯ್ತು, ಯುರೋಪ್ ಯುರೋಪಿನದೇ ತಗೊಳ್ತು, ಚೀನಾದ ಶಿಜಿಯಾನ್-21 2022ರಲ್ಲಿ ಎಳ್ಕೊಂಡು ಹೋಗಿ ದೂರದ ಕಕ್ಷೇಲಿ ಬಿಟ್ಟಿದ್ದು ಚೀನಾದ್ದೇ ಬೈದೌ ಉಪಗ್ರಹ. ಹಾಗಾಗಿ ಪ್ರಾಜೆಕ್ಟಲ್ಲಿ ಎರಡೂ ಇರಲಿ ಅಂತ ನನ್ನ ಸಲಹೆ, ಲೆಕ್ಕದ ಮುಖ್ಯ ಕೇಸು ಝೆನಿತ್, ಒಪ್ಪಿಗೆ ಸಿಕ್ಕಿದೆ ಅಂತ ಭಾವಿಸಿದೀವಿ ಅಂತ ಮೊದಲ ಪುಟದಲ್ಲೇ ಬರೀರಿ, ಎರಡನೇ ಕೇಸು ಹಳೇ ಪಿಎಸ್‌ಎಲ್‌ವಿ ಸ್ಟೇಜ್‌ಗಳು, ಅದಕ್ಕೆ ಬೇರೆ ದೇಶನ ಕೇಳ್ಬೇಕಾಗಿಲ್ಲ.

ಚಳ್ಳಕೆರೆ_ಚುಕ್ಕಿ

ಎಲ್ರಿಗೂ ಕೈ ಮುಗಿದೆ, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಮೇಷ್ಟ್ರೇ ನಿಮ್ಮ ಪ್ರೋಬಾ-1 ವಿಷಯ ಪ್ರೆಸೆಂಟೇಷನ್‌ಗೆ ಹಾಕ್ತೀನಿ. ಕಕ್ಷೆ ಅಣ್ಣ, ಕೊನೇದು ಒಂದು, ಮುಂದಿನ ಕಸದ ನೋಡ್ ನಮ್ಮಿಂದ ಪಶ್ಚಿಮಕ್ಕೆ ಬದಲು ಪೂರ್ವಕ್ಕೆ 20 ಡಿಗ್ರಿ ಇದ್ರೆ ಏನ್ ಮಾಡೋದು? ಕೆಳಗಿಳಿದ್ರೆ ಇನ್ನೂ ದೂರ ಹೋಗ್ತೀವಲ್ಲ.

ಕಕ್ಷೆ_ಲೆಕ್ಕ

ಸರಿಯಾದ ಜಾಗಕ್ಕೆ ಬಂದೆ ನೋಡು. 940 ಕಿಮೀಗೆ ಹತ್ತಿ ಕಾಯ್ಬೋದು, ಅಲ್ಲಿ ನೀನು ನಿಧಾನ, ಕಸಾನೇ ಪಶ್ಚಿಮಕ್ಕೆ ಸರಿದು ನಿನ್ ಹತ್ರ ಬರುತ್ತೆ, 20 ಡಿಗ್ರಿಗೆ ಆರೂವರೆ ತಿಂಗಳು. ಆದ್ರೆ ನಾನು ಬೇಡ ಅಂತೀನಿ, ಯಾಕಂದ್ರೆ ಅಷ್ಟು ಎತ್ತರದಲ್ಲಿ ನಿನ್ ಗಾಡಿ ಕೆಟ್ಟು ನಿಂತ್ರೆ ಅದು ಆ ಸ್ಟೇಜ್‌ಗಳಿಗಿಂತ್ಲೂ ಹೆಚ್ಚು ಕಾಲ ಮೇಲಿರೋ ಹೊಸ ಕಸ. ಅದರ ಬದಲು ಮೊದಲೇ ಎಲ್ಲಕ್ಕಿಂತ ಪೂರ್ವಕ್ಕಿರೋ ಸ್ಟೇಜಿಂದ ಶುರು ಮಾಡಿ ಪಶ್ಚಿಮದ ಕಡೆ ಸಾಲಾಗಿ ಹೋಗೋ ಕ್ರಮಗಳನ್ನ ಮಾತ್ರ ಉಳಿಸ್ಕೋ, ಎಲ್ಲಾ ಕಾಯೋದೂ ಕೆಳಗಿನ ಕಕ್ಷೇಲೇ ಆಗುತ್ತೆ, 10 ಲಕ್ಷ ದಾರಿಗಳಲ್ಲಿ ಬಹುಪಾಲು ಅಲ್ಲೇ ಬಿದ್ದು ಹೋಗ್ತವೆ, ಕೋಡ್ ಕೂಡ ಬೇಗ ಓಡುತ್ತೆ.

ಒಂದೇ ಎಚ್ಚರಿಕೆ, ಎರಡನೇ ಕೇಸಿನ ಪಿಎಸ್‌ಎಲ್‌ವಿ ಸ್ಟೇಜ್‌ಗಳಲ್ಲಿ ಸುಮಾರು 98 ಡಿಗ್ರಿ ವಾಲಿಕೆಯಲ್ಲಿರೋವಕ್ಕೆ ನೋಡ್ ಪೂರ್ವಕ್ಕೆ ಸರಿಯುತ್ತೆ, ದಿನಕ್ಕೆ ಒಂದು ಡಿಗ್ರಿ ಹತ್ರ. ಅಲ್ಲಿ ಕ್ರಮ ಉಲ್ಟಾ ಆಗ್ಬೇಕು, ಪಶ್ಚಿಮದಿಂದ ಪೂರ್ವಕ್ಕೆ, ಮತ್ತೆ 100 ಕಿಮೀ ಇಳಿದ್ರೂ ಸಿಗೋ ಲಾಭ ದಿನಕ್ಕೆ 0.05 ಡಿಗ್ರಿ ಅಷ್ಟೇ, ಅಂದ್ರೆ ಕಾಯೋದು ಡಬಲ್. ಮೊದಲು ಹದಿನೆಂಟು ಸ್ಟೇಜಿನ ನೋಡ್‌ಗಳನ್ನ ಒಂದೇ ತಾರೀಕಿಗೆ ತಂದು ಟೇಬಲ್ ಮಾಡಿ ಇಲ್ಲಿ ಹಾಕು, ಯಾವ ಐದು ಅಂತ ಕೂತ್ಕೊಂಡು ನೋಡಣ.